ಮನೆಯಂಗಳದ ಹಕ್ಕಿಗಳನ್ನು ಗುರುತಿಸುವ ಬಗೆ: ಜೀವವೈವಿಧ್ಯ ದಾಖಲಾತಿಗೆ ಪೂರಕವಾದ ಅಧ್ಯಯನ ಪಾಠ

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು, ಅರಿವು ಕೇಂದ್ರಗಳ ಮೇಲ್ವಿಚಾರಕರು, ಶಾಲಾ ಶಿಕ್ಷಕರು ಹಾಗೂ ಆಸಕ್ತ ಗ್ರಾಮಸ್ಥರ ಉಪಯೋಗಕ್ಕಾಗಿ)

ಪೀಠಿಕೆ

ಜೈವಿಕ ವೈವಿಧ್ಯ ಅಧಿನಿಯಮ, 2002ರ 41ನೆಯ ಪ್ರಕರಣದನ್ವಯ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸತಕ್ಕದ್ದು. ಸದರಿ ಸಮಿತಿಯ ಮುಖ್ಯ ಕಾರ್ಯವೆಂದರೆ ಸ್ಥಳೀಯ ಜನರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು. ಊರಿನ ಬೆಳೆ, ಮರ, ಮೀನು, ಔಷಧೀಯ ಸಸ್ಯಗಳ ಜೊತೆಗೆ ಊರಿನ ಹಕ್ಕಿಗಳಿಗೂ ಈ ದಾಖಲಾತಿಯಲ್ಲಿ ಸ್ಥಾನವಿದೆ.

ಈ ಪಾಠವನ್ನು ಬರೆಯಲು ನನ್ನದೇ ಒಂದು ತಪ್ಪು ಕಾರಣವಾಯಿತು. ಅದನ್ನು ಮೊದಲೇ ಒಪ್ಪಿಕೊಳ್ಳುವುದು ಉಚಿತ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರಲ್ಲಿ ನೀಡಿದ ಆದೇಶದಂತೆ 2020ರ ಜನವರಿ 31ರೊಳಗೆ ದೇಶದ ಎಲ್ಲ ಸ್ಥಳೀಯ ಸಂಸ್ಥೆಗಳೂ ದಾಖಲಾತಿಯನ್ನು ಪೂರ್ಣಗೊಳಿಸಬೇಕಾಗಿತ್ತು. ಆಗ ನಾನು ಕಾರ್ಯನಿರ್ವಹಿಸುತ್ತಿದ್ದ ಪಂಚಾಯಿತಿಯಲ್ಲಿ ದಿನಗಳು ಕಡಿಮೆಯಿದ್ದವು, ಕೆಲಸ ಹೆಚ್ಚಿತ್ತು. ಹಕ್ಕಿಗಳ ಪುಟವನ್ನು ಬೇರೊಂದು ಕಡೆಯಿಂದ ಬಂದ ಗಣಕಯಂತ್ರದ ಕಡತದಿಂದ ಹಾಗೆಯೇ ಎತ್ತಿಕೊಂಡೆವು. ಪುಟದ ಕೆಳಗೆ ನನ್ನ ಸಹಿಯೂ ಬಿತ್ತು.

ಎರಡು ವರ್ಷಗಳ ನಂತರ ಊರಿನ ಹಳೆಯದೊಂದು ಗೋಣಿಮರವನ್ನು ಕಡಿಯುವ ಪ್ರಸ್ತಾವ ಬಂದಿತು. ಅದರ ಹಣ್ಣಿಗೆ ವರ್ಷವರ್ಷವೂ ನೂರಾರು ಹಕ್ಕಿಗಳು ಬರುತ್ತವೆಂದು ಗ್ರಾಮಸಭೆಯಲ್ಲಿ ಕೆಲವರು ಆಕ್ಷೇಪಿಸಿ ದಾಖಲಾತಿಯನ್ನು ತರಿಸಿದರು. ಪುಟ ತೆರೆದು ಓದಿದಾಗ ಅಲ್ಲಿ ಸಮುದ್ರ ತೀರದಲ್ಲಿ ವಾಸಿಸುವ ಕಡಲ ಹದ್ದಿನ ಹೆಸರಿತ್ತು. ನಮ್ಮ ಕಣಗಳ ಗುಬ್ಬಚ್ಚಿಯ ಹೆಸರಿರಲಿಲ್ಲ. ಸಭೆ ನಕ್ಕಿತು. ಆ ನಗುವಿನೊಂದಿಗೆ ಆಕ್ಷೇಪದ ತೂಕವೂ ಹೋಯಿತು. ಮರ ಉಳಿಯಲಿಲ್ಲ. ಸರಿಯಾದ ಪಟ್ಟಿಯೊಂದಿದ್ದರೆ ಮರ ಉಳಿಯುತ್ತಿತ್ತೆಂದು ನಾನು ಖಚಿತವಾಗಿ ಹೇಳಲಾರೆ. ಆದರೆ ಉಳಿಸಬೇಕೆಂದವರ ಕೈಯಲ್ಲಿ ಒಂದು ಆಧಾರವಾದರೂ ಇರುತ್ತಿತ್ತು.

ಅಂದಿನಿಂದ ನಾನು ಹಕ್ಕಿಗಳನ್ನು ಗುರುತಿಸಲು ಕಲಿಯತೊಡಗಿದೆ. ನಾನು ಇಂಜಿನಿಯರಿಂಗ್ ಓದಿದವನು, ಪಕ್ಷಿಶಾಸ್ತ್ರಜ್ಞನಲ್ಲ. ಕಾಡಿಗೆ ಹೋಗಿಯೂ ಕಲಿಯಲಿಲ್ಲ. ಮನೆಯ ಹಿತ್ತಲಿನಲ್ಲಿ ಇಟ್ಟ ಒಂದು ಹಿಡಿ ಕಾಳು ಮತ್ತು ಒಂದು ಮಣ್ಣಿನ ತಟ್ಟೆ ನೀರಿನ ಮುಂದೆ ಕುಳಿತು ಕಲಿತೆ. ಅದೇ ಕ್ರಮದಲ್ಲಿ ಈ ಪಾಠವನ್ನು ಜೋಡಿಸಲಾಗಿದೆ.

1. ಕಾಳು ಮತ್ತು ನೀರಿನ ತಾಣ

ಹಕ್ಕಿಗೆ ಕಾಳು ಹಾಕುವುದು ನಮಗೆ ಹೊಸತಲ್ಲ. ಒಕ್ಕಣೆಯ ಕಣದಲ್ಲಿ ಉಳಿದ ರಾಗಿ, ಮೊರದಲ್ಲಿ ಕೇರಿದ ನುಚ್ಚು, ಪಿತೃಪಕ್ಷದಲ್ಲಿ ಕಾಗೆಗೆ ಇಡುವ ಅನ್ನ, ಜಗುಲಿಯ ಸೂರಿಗೆ ತೂಗಿಬಿಟ್ಟ ಭತ್ತದ ತೆನೆಯ ಗೊಂಚಲು, ಇವೆಲ್ಲವೂ ನಮ್ಮ ಹಿರಿಯರ ಕಾಳಿನ ತಾಣಗಳೇ. ಕಟಾವು ಯಂತ್ರಗಳು ಬಂದ ಮೇಲೆ ಕಣಗಳು ಕಡಿಮೆಯಾದವು. ಹೆಂಚಿನ ಮನೆಗಳ ಜಾಗದಲ್ಲಿ ತಾರಸಿ ಮನೆಗಳು ಬಂದ ಮೇಲೆ ಗುಬ್ಬಚ್ಚಿಗೆ ಗೂಡಿನ ಸಂದುಗಳೂ ಕಡಿಮೆಯಾದವು. ಆದ್ದರಿಂದ ಈಗ ಆ ವ್ಯವಸ್ಥೆಯನ್ನು ತಿಳಿದೇ ಮಾಡಬೇಕಾಗಿದೆ.

ತಾಣವನ್ನು ಏರ್ಪಡಿಸುವಾಗ ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು:

(ಅ) ರಾಗಿ, ನವಣೆ, ಸಜ್ಜೆ, ಅಕ್ಕಿ ನುಚ್ಚು ಯೋಗ್ಯವಾದವು. ಬಾಳೆಹಣ್ಣು, ಪರಂಗಿ ಹಣ್ಣಿನ ಹೋಳುಗಳಿಗೆ ಪಿಕಳಾರ, ಕುಟ್ರು ಹಕ್ಕಿಗಳು ಬರುತ್ತವೆ. ಉಪ್ಪು ಬೆರೆತ, ಎಣ್ಣೆಯಲ್ಲಿ ಕರಿದ ಅಥವಾ ಹಳಸಿದ ಪದಾರ್ಥವನ್ನು ಹಾಕಬಾರದು.

(ಆ) ಬಿತ್ತನೆಗೆಂದು ತಂದು ಉಳಿದ ಬೀಜವನ್ನು ಯಾವ ಕಾರಣಕ್ಕೂ ಹಾಕಬಾರದು. ಗುಲಾಬಿ, ಕೆಂಪು ಅಥವಾ ನೀಲಿ ಬಣ್ಣ ಲೇಪಿಸಿದ ಮೆಕ್ಕೆಜೋಳ, ಭತ್ತದ ಬೀಜಗಳಿಗೆ ಶಿಲೀಂಧ್ರನಾಶಕ ಅಥವಾ ಕೀಟನಾಶಕದ ಲೇಪನವಿರುತ್ತದೆ. ಅದು ಹಕ್ಕಿಗೆ ವಿಷ. ‘ವ್ಯರ್ಥವಾಗುವ ಬದಲು ಹಕ್ಕಿಗಾದರೂ ಆಗಲಿ’ ಎಂಬ ಸದುದ್ದೇಶದಿಂದ ನಡೆಯುವ ತಪ್ಪು ಇದು. ಆದಕಾರಣ ಪ್ರತಿ ಮುಂಗಾರಿನಲ್ಲಿಯೂ ಈ ವಿಷಯವನ್ನು ರೈತರಿಗೆ ನೆನಪಿಸುವುದು ಅಗತ್ಯ.

(ಇ) ಒಂದು ಹಿಡಿ ಸಾಕು. ಸಂಜೆಯೊಳಗೆ ಮುಗಿಯುವಷ್ಟನ್ನೇ ಹಾಕಬೇಕು. ಉಳಿದ ಕಾಳು ಇಲಿಗಳನ್ನೂ, ಇಲಿಗಳು ಹಾವುಗಳನ್ನೂ ಕರೆಯುತ್ತವೆ.

(ಈ) ನೀರಿನ ತಟ್ಟೆ ಅಗಲವಾಗಿರಲಿ, ಆಳ ಎರಡು ಬೆರಳಿಗಿಂತ ಹೆಚ್ಚು ಬೇಡ. ನಡುವೆ ಒಂದು ಒರಟು ಕಲ್ಲಿರಲಿ. ಪ್ರತಿ ಎರಡು ದಿನಕ್ಕೊಮ್ಮೆ ನೀರನ್ನು ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯಬೇಕು. ಸೊಳ್ಳೆಯ ಮರಿ ನೀರಿನಲ್ಲಿ ಬೆಳೆದು ಹಾರಲು ಸುಮಾರು ಒಂದು ವಾರ ಸಾಕು. ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಗೆ ನಮ್ಮ ತಟ್ಟೆಯಲ್ಲಿಯೇ ಸೊಳ್ಳೆಮರಿ ಸಿಗುವಂತಾಗಬಾರದು.

(ಉ) ಬೆಕ್ಕು ಅವಿತುಕೊಳ್ಳುವ ಪೊದೆಯಿಂದ ಕನಿಷ್ಠ ಎರಡು ಮೀಟರ್ ದೂರದಲ್ಲಿ, ಕೊಂಚ ಎತ್ತರದಲ್ಲಿ ತಾಣವಿರಬೇಕು.

(ಊ) ಮಂಕಾಗಿ ಕುಳಿತ ಅಥವಾ ಸತ್ತ ಹಕ್ಕಿ ಕಂಡುಬಂದರೆ ಕಾಳು ಹಾಕುವುದನ್ನು ನಿಲ್ಲಿಸಿ ತಾಣವನ್ನು ಸ್ವಚ್ಛಗೊಳಿಸಬೇಕು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಪಶುವೈದ್ಯ ಇಲಾಖೆಗೆ ತಿಳಿಸಬೇಕು. 2020ರ ಮಾರ್ಚ್ ತಿಂಗಳಲ್ಲಿ ಮೈಸೂರು ನಗರದಲ್ಲಿಯೇ ಹಕ್ಕಿಜ್ವರ ದೃಢಪಟ್ಟಿದ್ದನ್ನು ಮರೆಯಬಾರದು.

ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ಸೀಮೆಯ ಹಕ್ಕಿಗಳಲ್ಲಿ ಕಾಳು ತಿನ್ನುವವು ಕೆಲವೇ. ಹೆಚ್ಚಿನವು ಹುಳು, ಹಣ್ಣು, ಮಕರಂದವನ್ನು ಅವಲಂಬಿಸಿವೆ. ಗುಬ್ಬಚ್ಚಿ ಕೂಡ ಮರಿಗಳಿಗೆ ಹುಳುಗಳನ್ನೇ ಉಣಿಸುತ್ತದೆ. ಆದರೆ ನೀರು ಎಲ್ಲಕ್ಕೂ ಬೇಕು. ಮಾರ್ಚ್‌ನಿಂದ ಮೇ ವರೆಗಿನ ಬಿಸಿಲಿನಲ್ಲಿ ಕಾಳಿಗಿಂತ ನೀರಿನ ತಟ್ಟೆಯೇ ಹೆಚ್ಚು ಬಗೆಯ ಹಕ್ಕಿಗಳನ್ನು ತೋರಿಸುತ್ತದೆ.

2. ಗುರುತಿಸುವ ಕ್ರಮ: ಐದು ಪ್ರಶ್ನೆಗಳು

ಹೊಸಬರು ಹಕ್ಕಿಯ ಬಣ್ಣವನ್ನು ಮೊದಲು ನೋಡುತ್ತಾರೆ. ಬಣ್ಣವು ಬೆಳಕಿಗೆ ತಕ್ಕಂತೆ ಬದಲಾಗುತ್ತದೆ. ಗಂಡಿಗೂ ಹೆಣ್ಣಿಗೂ ಬೇರೆಯಾಗಿರಬಹುದು. ಆದ್ದರಿಂದ ಈ ಕ್ರಮವನ್ನು ಅನುಸರಿಸುವುದು ಲೇಸು.

ಮೊದಲನೆಯದು ಗಾತ್ರ. ಅಳತೆಪಟ್ಟಿಯಿಲ್ಲದೆ ಅಳೆಯಲು ನಾಲ್ಕು ಪರಿಚಿತ ಹಕ್ಕಿಗಳನ್ನು ಮಾನದಂಡವಾಗಿ ಇಟ್ಟುಕೊಳ್ಳಬೇಕು: ಗುಬ್ಬಚ್ಚಿ ಸುಮಾರು 15 ಸೆಂಟಿಮೀಟರ್, ಗೊರವಂಕ ಸುಮಾರು 23, ಪಾರಿವಾಳ ಸುಮಾರು 33, ಕಾಗೆ ಸುಮಾರು 42. ಅಪರಿಚಿತ ಹಕ್ಕಿಯನ್ನು ಕಂಡೊಡನೆ ‘ಗುಬ್ಬಚ್ಚಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು’ ಎಂದು ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯದು ಕೊಕ್ಕು. ಮೊಂಡಾಗಿ ದಪ್ಪಗಿದ್ದರೆ ಕಾಳು ಒಡೆಯುವ ಹಕ್ಕಿ. ಸಣ್ಣಗೆ ಬಾಗಿದ್ದರೆ ಮಕರಂದ ಹೀರುವ ಹಕ್ಕಿ. ತೆಳುವಾಗಿ ನೇರವಾಗಿದ್ದರೆ ಹುಳು ಹೆಕ್ಕುವ ಹಕ್ಕಿ. ಕೊಕ್ಕೆಯಂತೆ ಬಾಗಿ ಬಲಿಷ್ಠವಾಗಿದ್ದರೆ ಗಿಳಿ ಅಥವಾ ಬೇಟೆಯ ಹಕ್ಕಿ.

ಮೂರನೆಯದು ಬಾಲ: ಉದ್ದವೇ, ಗಿಡ್ಡವೇ, ಕವಲೊಡೆದಿದೆಯೇ, ನೆಟ್ಟಗೆ ಎತ್ತಿ ಹಿಡಿದಿದೆಯೇ, ಹಾರುವಾಗ ಅಂಚಿನಲ್ಲಿ ಬಿಳುಪು ಕಾಣುತ್ತದೆಯೇ.

ನಾಲ್ಕನೆಯದು ನಡತೆ: ಕುಪ್ಪಳಿಸುತ್ತದೆಯೋ, ಹೆಜ್ಜೆಯಿಟ್ಟು ನಡೆಯುತ್ತದೆಯೋ, ಒಂಟಿಯೋ, ಗುಂಪೋ, ನೆಲದಲ್ಲೋ, ಕೊಂಬೆಯ ತುದಿಯಲ್ಲೋ. ಗುಬ್ಬಚ್ಚಿ ಕುಪ್ಪಳಿಸುತ್ತದೆ, ಗೊರವಂಕ ಗತ್ತಿನಿಂದ ನಡೆಯುತ್ತದೆ.

ಐದನೆಯದು ಗುರುತಿನ ಚಿಹ್ನೆಗಳು: ಹುಬ್ಬು, ಕತ್ತಿನ ಪಟ್ಟಿ, ರೆಕ್ಕೆಯ ಮಚ್ಚೆ, ಬಾಲದ ಬುಡ. ಬಣ್ಣದ ಸರದಿ ಬರುವುದು ಇಲ್ಲಿ. ಕೂಗನ್ನೂ ಇದರೊಂದಿಗೆ ದಾಖಲಿಸಬೇಕು.

3. ಕಾಳಿಗೆ ಬರುವ ಹಕ್ಕಿಗಳು

ಗುಬ್ಬಚ್ಚಿ, ಗೀಜಗ, ರಾಟವಾಳ: ಈ ಮೂರನ್ನೂ ‘ಗುಬ್ಬಿ’ ಎಂದೇ ಬರೆದಿರುವ ದಾಖಲಾತಿಗಳನ್ನು ನಾನು ಕಂಡಿದ್ದೇನೆ. ಗಂಡು ಗುಬ್ಬಚ್ಚಿಗೆ ಬೂದು ನೆತ್ತಿ, ಕಪ್ಪು ಗಂಟಲು, ಬಿಳುಪು ಕೆನ್ನೆ. ಹೆಣ್ಣಿಗೆ ಕಪ್ಪು ಗಂಟಲಿಲ್ಲ. ಮೈಯೆಲ್ಲ ಮಾಸಲು ಕಂದು, ಕಣ್ಣಿನ ಹಿಂದೆ ತಿಳಿಬಣ್ಣದ ಹುಬ್ಬು. ಗೀಜಗದ ಗಂಡಿಗೆ ಮಳೆಗಾಲದ ಸಂತಾನ ಕಾಲದಲ್ಲಿ ಹಳದಿ ನೆತ್ತಿ, ಕಡುಕಂದು ಮುಖವಾಡವಿರುತ್ತದೆ. ಉಳಿದ ಕಾಲದಲ್ಲಿ ಗಂಡೂ ಹೆಣ್ಣೂ ಹೆಣ್ಣು ಗುಬ್ಬಚ್ಚಿಯಂತೆಯೇ ತೋರುತ್ತವೆ. ಆಗ ಕೊಕ್ಕನ್ನು ನೋಡಬೇಕು: ಗೀಜಗದ ಕೊಕ್ಕು ಗುಬ್ಬಚ್ಚಿಯದಕ್ಕಿಂತ ದಪ್ಪ, ಬಾಲ ಗಿಡ್ಡ, ಬೆನ್ನಿನಲ್ಲಿ ಗಾಢವಾದ ಗೆರೆಗಳು. ಬಾವಿಯ ಮೇಲೆ ಬಾಗಿದ ಈಚಲು, ಜಾಲಿಗಳಲ್ಲಿ ತೂಗುವ ಗೂಡು ಕಂಡರೆ ಅನುಮಾನವೇ ಬೇಡ.

ರಾಟವಾಳ ಇವೆರಡಕ್ಕಿಂತಲೂ ಪುಟ್ಟದು, ಸುಮಾರು 11 ಸೆಂಟಿಮೀಟರ್. ಚುಕ್ಕೆ ರಾಟವಾಳದ ಬೆನ್ನು ಅಡಿಕೆಗಂದು. ಬಿಳಿಯ ಎದೆಯ ಮೇಲೆ ಮೀನಿನ ಹುರುಪೆಯಂತಹ ಕಪ್ಪು ಗೆರೆಗಳು. ಇದರ ಮರಿಗಳಿಗೆ ಹುರುಪೆಯಿಲ್ಲದ ಸಾದಾ ಕಂದು ಮೈಯಿರುವುದರಿಂದ ಬೇರೊಂದು ಜಾತಿಯೆಂದು ಬರೆಯುವ ತಪ್ಪಾಗುತ್ತದೆ. ಬಿಳಿಬೆನ್ನಿನ ರಾಟವಾಳವು ಕಡುಗಪ್ಪಾಗಿದ್ದು, ಹಾರುವಾಗ ಸೊಂಟದ ಬಿಳುಪು ಎದ್ದು ಕಾಣುತ್ತದೆ.

ಬೆಳವಗಳು: ನಮ್ಮಲ್ಲಿ ಮೂರು ಬಗೆ ಸಾಮಾನ್ಯ, ಮೂರಕ್ಕೂ ಕತ್ತೇ ಗುರುತು. ಚೋರೆ ಹಕ್ಕಿಗೆ ಹಿಂಗತ್ತಿನಲ್ಲಿ ಕಪ್ಪು ಬಿಳುಪಿನ ಚೌಕಾಬಾರದಂತಹ ಪಟ್ಟಿ. ತೋಟ, ಮರಗಳ ನೆರಳಿರುವ ಕಡೆ ಹೆಚ್ಚು. ಪುಟ್ಟ ಬೆಳವಕ್ಕೆ ಕತ್ತಿನ ಮುಂಭಾಗ ಮತ್ತು ಪಕ್ಕಗಳಲ್ಲಿ ಕೆಂಗಂದು ಹಿನ್ನೆಲೆಯ ಕಪ್ಪು ಚುಕ್ಕೆಗಳು. ಬಯಲು, ಒಣಭೂಮಿಯ ಹಕ್ಕಿ. ಮೂರನೆಯದು ಕೊರಳಪಟ್ಟಿಯ ಬೆಳವ: ಮಾಸಲು ಬೂದು ಮೈ, ಹಿಂಗತ್ತಿನಲ್ಲಿ ಅರ್ಧಚಂದ್ರಾಕಾರದ ಒಂದೇ ಕಪ್ಪು ಗೆರೆ. ಊರಿನ ದೇವಸ್ಥಾನದ ಗೋಪುರದಲ್ಲಿರುವುದು ಪಾರಿವಾಳ. ಬೂದು ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟಿ.

ಗೊರವಂಕಗಳು: ಸಾಮಾನ್ಯ ಗೊರವಂಕಕ್ಕೆ ಹಳದಿ ಕೊಕ್ಕು, ಹಳದಿ ಕಾಲು, ಕಣ್ಣಿನ ಸುತ್ತ ರೋಮವಿಲ್ಲದ ಹಳದಿ ಚರ್ಮ. ಕಾಡು ಗೊರವಂಕಕ್ಕೆ ಈ ಹಳದಿ ಚರ್ಮವಿಲ್ಲ. ಹಣೆಯಲ್ಲಿ ಕುಚ್ಚಿನಂತಹ ಗರಿಗಳು. ನಮ್ಮ ದಕ್ಷಿಣದ ಹಕ್ಕಿಗಳಲ್ಲಿ ಕಣ್ಣು ನಸುನೀಲಿ. ಎರಡೂ ಒಂದೇ ಗುಂಪಿನಲ್ಲಿ ದನಗಳ ಹಿಂದೆ ನಡೆಯುತ್ತವೆ. ಹಾರುವಾಗ ಎರಡರಲ್ಲೂ ರೆಕ್ಕೆಯ ಬಿಳುಪು ಕಾಣುವುದರಿಂದ ಹಾರುತ್ತಿರುವ ಹಕ್ಕಿಯನ್ನು ನೋಡಿ ನಿರ್ಣಯಿಸಬಾರದು. ಕೆನೆಗಂದು ಮೈ, ಕಪ್ಪು ಜುಟ್ಟಿನದು ಕರಿತಲೆ ಗೊರವಂಕ.

ಗಿಳಿಗಳು: ಗಂಡಿನ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಉಂಗುರವಿರುವುದು ಸಾಮಾನ್ಯ ಗಿಳಿ, ಹೆಣ್ಣಿಗೆ ಉಂಗುರವಿಲ್ಲ. ನೇರಳೆಗೆಂಪು ತಲೆಯದು ಕೆಂದಲೆ ಗಿಳಿ. ಇದರ ಹೆಣ್ಣಿಗೆ ಬೂದು ತಲೆ. ಮೆಕ್ಕೆಜೋಳ ಹಾಲುಗಾಳಾಗುವ ಕಾಲದಲ್ಲಿ ಇವು ರೈತರ ದೂರಿಗೆ ಗುರಿಯಾಗುತ್ತವೆ. ದೂರು ನ್ಯಾಯವಾದುದೇ. ಆದರೂ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರಂತೆ ಕಾಡು ಗಿಳಿಗಳನ್ನು ಹಿಡಿಯುವುದೂ ಪಂಜರದಲ್ಲಿಡುವುದೂ ಅಪರಾಧ. ಪಂಜರದ ಗಿಳಿಯನ್ನು ದಾಖಲಾತಿಯ ಪಟ್ಟಿಗೆ ಸೇರಿಸಕೂಡದು.

4. ಹಣ್ಣು, ಹೂವು, ಹುಳುಗಳಿಗೆ ಬರುವ ಹಕ್ಕಿಗಳು

ಪಿಕಳಾರಗಳು: ‘ಬಾಲದ ಬುಡ ಕೆಂಪಗಿತ್ತು, ಆದ್ದರಿಂದ ಕೆಂಪುಬುಡದ ಪಿಕಳಾರ’ ಎಂಬ ತರ್ಕ ಸರಿಯಲ್ಲ. ಎರಡು ಸಾಮಾನ್ಯ ಪಿಕಳಾರಗಳಿಗೂ ಬಾಲದ ಬುಡ ಕೆಂಪೇ. ಕೆಮ್ಮೀಸೆ ಪಿಕಳಾರಕ್ಕೆ ನೆಟ್ಟಗಿನ ಚೂಪು ಜುಟ್ಟು, ಬಿಳಿ ಕೆನ್ನೆ, ಕಣ್ಣಿನ ಹಿಂದೆ ಕೆಂಪು ಮಚ್ಚೆ. ಕೆಂಪುಬುಡದ ಪಿಕಳಾರಕ್ಕೆ ಕಪ್ಪು ತಲೆ, ಮೊಂಡು ಜುಟ್ಟು, ಹುರುಪೆಯಂತಹ ಕಂದು ಮೈ, ಹಾರುವಾಗ ಸೊಂಟದಲ್ಲಿ ಬಿಳುಪು. ಕೆಮ್ಮೀಸೆಯ ಮರಿಗಳಿಗೆ ಕೆಂಪು ಮೀಸೆ ಇನ್ನೂ ಮೂಡಿರುವುದಿಲ್ಲ. ಜುಟ್ಟು ಮತ್ತು ಕೆನ್ನೆಯನ್ನೇ ನಂಬಬೇಕು.

ಕುಟ್ರು ಹಕ್ಕಿಗಳು: ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಕಂಚುಗಾರನ ಸುತ್ತಿಗೆಯಂತೆ ‘ಟುಕ್, ಟುಕ್, ಟುಕ್’ ಎಂದು ಒಂದೇ ಲಯದಲ್ಲಿ ಕೂಗುವುದು ಗುಬ್ಬಚ್ಚಿಗಿಂತ ತುಸು ದೊಡ್ಡದಾದ ಚಿಟ್ಟು ಕುಟ್ರು. ಹಣೆ ಮತ್ತು ಎದೆಯಲ್ಲಿ ಕೆಂಪು, ಗಂಟಲಲ್ಲಿ ಹಳದಿ. ‘ಕುಟ್ರೂ, ಕುಟ್ರೂ’ ಎಂದು ಬಿಡದೆ ಕೂಗುವುದು ಗೊರವಂಕದ ಗಾತ್ರದ ಬಿಳಿಗೆನ್ನೆಯ ಕುಟ್ರು. ಒಣ ಮರಗಳಲ್ಲಿ ತಾವೇ ಪೊಟರೆ ಕೊರೆದು ಗೂಡು ಮಾಡುವುದರಿಂದ, ಸತ್ತ ಕೊಂಬೆಯೂ ಇವುಗಳಿಗೆ ಮನೆ. ಗೋಣಿ, ಆಲ, ಅರಳಿ, ಅತ್ತಿಯ ಹಣ್ಣಿನ ಕಾಲದಲ್ಲಿ ಒಂದು ಗಂಟೆ ಮರದಡಿ ಕುಳಿತರೆ ಈ ಎರಡು ಗುಂಪಿನ ಪಟ್ಟಿ ಬಹುಮಟ್ಟಿಗೆ ಪೂರ್ಣವಾಗುತ್ತದೆ. ಪೀಠಿಕೆಯಲ್ಲಿ ಹೇಳಿದ ಮರದಡಿ ನಾನು ಆ ಒಂದು ಗಂಟೆ ಕುಳಿತಿರಲಿಲ್ಲ.

ಕಪ್ಪು ಬಿಳುಪಿನ ಹಕ್ಕಿಗಳು: ಮಡಿವಾಳ ಹಕ್ಕಿಯ ಗಂಡು ಮಿರುಗುವ ಕಪ್ಪು, ಹೊಟ್ಟೆ ಬಿಳುಪು, ರೆಕ್ಕೆಯಲ್ಲಿ ಉದ್ದನೆಯ ಬಿಳಿ ಪಟ್ಟಿ, ಬಾಲದ ಅಂಚುಗಳೂ ಬಿಳುಪು. ಹೆಣ್ಣಿನಲ್ಲಿ ಕಪ್ಪಿನ ಜಾಗದಲ್ಲಿ ಬೂದು. ನಸುಕಿನಲ್ಲಿ ತಾರಸಿಯ ತುದಿಯಲ್ಲಿ ಸಿಳ್ಳೆಯಂತೆ ಹಾಡುವುದು ಇದೇ. ಭಾರತೀಯ ರಾಬಿನ್ ಒಣ ಬಯಲಿನದು. ಹೊಟ್ಟೆಯೂ ಕಪ್ಪು, ಬಾಲ ಪೂರ್ತಿ ಕಪ್ಪು, ಬಾಲದಡಿಯಲ್ಲಿ ಇಟ್ಟಿಗೆಗೆಂಪು. ಇವೆರಡೂ ಬಾಲವನ್ನು ಎತ್ತಿ ಹಿಡಿಯುತ್ತವೆ. ಆದ್ದರಿಂದ ಹೊಟ್ಟೆಯನ್ನು ನೋಡಿ ನಿರ್ಧರಿಸಬೇಕು.

ಕರಿಯ ಹಕ್ಕಿಗಳು: ಕತ್ತು ಬೂದಾಗಿದ್ದರೆ ಊರ ಕಾಗೆ, ಪೂರ್ತಿ ಕಪ್ಪಾಗಿ ಕೊಕ್ಕು ದಪ್ಪಗಿದ್ದರೆ ಕಾಡು ಕಾಗೆ. ಕಪ್ಪು ಮೈ, ಕೆಂಪು ಕಣ್ಣು, ಹಸಿರು ಛಾಯೆಯ ಕೊಕ್ಕು ಇದ್ದರೆ ಗಂಡು ಕೋಗಿಲೆ. ಹೆಣ್ಣು ಕೋಗಿಲೆ ಕಪ್ಪಲ್ಲ, ಕಂದು ಮೈಯ ಮೇಲೆ ಬಿಳಿ ಚುಕ್ಕೆಗಳು. ಅದು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದರಿಂದ ಕಾಗೆಯ ಗೂಡು ಉಳಿದರೆ ಕೋಗಿಲೆಯೂ ಉಳಿಯುತ್ತದೆ. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆಯೊಡನೆ ಬೇಲಿಯ ಕೆಳಗೆ ನಡೆಯುವುದು ಕೆಂಬೂತ. ತಂತಿಯ ಮೇಲೆ ಕುಳಿತ, ಬಾಲ ಆಳವಾಗಿ ಕವಲೊಡೆದದ್ದು ಕಾಜಾಣ.

ಇನ್ನು ಸೂರಕ್ಕಿಗಳು ದಾಸವಾಳ, ಬಾಳೆಯ ಹೂವಿಗೆ ಬರುತ್ತವೆ, ಕಾಳಿಗೆ ಎಂದೂ ಬರುವುದಿಲ್ಲ. ಹೊಟ್ಟೆ ಹಳದಿಯಾಗಿ ಬೆನ್ನು ಕಡುಗೆಂಪಾಗಿದ್ದರೆ ನೇರಳೆ ಸೊಂಟದ ಸೂರಕ್ಕಿಯ ಗಂಡು. ಪೂರ್ತಿ ಕರಿನೇರಳೆಯಾಗಿದ್ದರೆ ನೇರಳೆ ಸೂರಕ್ಕಿಯ ಗಂಡು. ಎಲೆಗಳನ್ನು ಹೊಲಿದು ಗೂಡು ಮಾಡುವ, ತುಕ್ಕುಗೆಂಪು ನೆತ್ತಿಯ ಪುಟ್ಟ ಹಕ್ಕಿ ಸಿಂಪಿಗ. ಆರೇಳು ಒಟ್ಟಾಗಿ ಗದ್ದಲವೆಬ್ಬಿಸುತ್ತ ತರಗೆಲೆ ಕೆದಕುವವು ಹರಟೆಮಲ್ಲಗಳು. ತುಕ್ಕು ಬಣ್ಣದ ಮೈ, ಕಪ್ಪು ತಲೆ, ಉದ್ದ ಬಾಲದ್ದು ಮಟಪಕ್ಷಿ.

5. ನಾಲ್ಕು ತಾಲ್ಲೂಕುಗಳ ವ್ಯತ್ಯಾಸ

ಒಂದು ತಾಲ್ಲೂಕಿನ ಪಟ್ಟಿ ಇನ್ನೊಂದಕ್ಕೆ ಹೊಂದುವುದಿಲ್ಲ. ನಕಲು ಮಾಡಬಾರದೆನ್ನಲು ಇದೇ ಮುಖ್ಯ ಕಾರಣ. ಕೃಷ್ಣರಾಜನಗರದಲ್ಲಿ ಕಾವೇರಿಯ ನಾಲೆಗಳು, ಭತ್ತದ ಗದ್ದೆಗಳು. ಹಿತ್ತಲಿಗೂ ಗೋವಕ್ಕಿ, ಮಿಂಚುಳ್ಳಿ, ರಾಟವಾಳಗಳು ಬರುತ್ತವೆ. ಹುಣಸೂರು ಮತ್ತು ಪಿರಿಯಾಪಟ್ಟಣಗಳ ಹೊಗೆಸೊಪ್ಪು, ರಾಗಿ, ಮೆಕ್ಕೆಜೋಳದ ಬಯಲುಗಳಲ್ಲಿ ಪುಟ್ಟ ಬೆಳವ, ಭಾರತೀಯ ರಾಬಿನ್, ಟಿಟ್ಟಿಭಗಳನ್ನು ನಿರೀಕ್ಷಿಸಬಹುದು. ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳಿಗೆ ಸೌದೆ ಬೇಕಾಗುವ ಸೀಮೆಯಾದುದರಿಂದ ಇಲ್ಲಿ ಹೊಲದಂಚಿನ ಪ್ರತಿ ಹಳೆಯ ಮರದ ಲೆಕ್ಕವೂ ಮುಖ್ಯ. ನಾಗರಹೊಳೆಯ ಕಾಡಂಚಿನ ಹಳ್ಳಿಗಳಲ್ಲಿ, ಹೆಗ್ಗಡದೇವನಕೋಟೆಯ ಕಬಿನಿ, ತಾರಕ, ಹೆಬ್ಬಳ್ಳ ಜಲಾಶಯಗಳ ಸುತ್ತ, ಊರ ಹಕ್ಕಿಗಳೊಡನೆ ಕಾಡಿನವೂ ಬೆರೆಯುತ್ತವೆ: ಕೆಂದಲೆ ಗಿಳಿ, ಕಾಡು ಗೊರವಂಕ, ಬಾಲದಲ್ಲಿ ಎರಡು ಉದ್ದ ತಂತುಗಳಿರುವ ಭೀಮರಾಜ. ಕಾಡಂಚಿನ ಗ್ರಾಮಗಳಲ್ಲಿ ಹಣ್ಣಿನ ರಾಶಿ ಹಾಕುವುದು ಬೇಡ. ಅದು ಕೋತಿಗಳನ್ನೂ, ಕೆಲವೆಡೆ ಆನೆಗಳನ್ನೂ ಮನೆಯ ಬಾಗಿಲಿಗೆ ಕರೆದಂತಾಗುತ್ತದೆ. ಅಲ್ಲಿ ನೀರಿನ ತಟ್ಟೆಯಷ್ಟೇ ಸಾಕು.

ಕಾಲವನ್ನೂ ಗಮನಿಸಬೇಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹಿಮಾಲಯ ಮತ್ತು ಅದರಾಚೆಯ ವಲಸೆ ಹಕ್ಕಿಗಳು ಬರುತ್ತವೆ. ಅಂಗಳದ ತೇವದಲ್ಲಿ ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆ ಅವುಗಳಲ್ಲೊಂದು. ವರ್ಷಕ್ಕೊಮ್ಮೆ ಮಾತ್ರ ನೋಡಿ ಬರೆದ ಪಟ್ಟಿಯಲ್ಲಿ ಇಂತಹವು ತಪ್ಪಿಹೋಗುತ್ತವೆ.

6. ದಾಖಲಿಸುವ ವಿಧಾನ

ಬೆಳಿಗ್ಗೆ 6.30ರಿಂದ 8ರೊಳಗೆ ಒಂದೇ ಸ್ಥಳದಲ್ಲಿ 15 ನಿಮಿಷ ಕುಳಿತು ನೋಡುವುದು ಒಂದು ವೀಕ್ಷಣೆ. ದಿನಾಂಕ, ಸಮಯ, ಸ್ಥಳ, ಹಕ್ಕಿಯ ಸ್ಥಳೀಯ ಹೆಸರು, ಒಮ್ಮೆಗೆ ಕಂಡ ಗರಿಷ್ಠ ಸಂಖ್ಯೆ, ಏನು ಮಾಡುತ್ತಿತ್ತು, ನೋಡಿದವರು ಯಾರು, ಈ ಏಳು ಅಂಶಗಳನ್ನು ಬರೆಯಬೇಕು. ಗರಿಷ್ಠ ಸಂಖ್ಯೆ ಎಂದೇಕೆ ಹೇಳಿದೆನೆಂದರೆ, ಒಂದೇ ಗುಬ್ಬಚ್ಚಿ ಹತ್ತು ಸಲ ಬಂದರೆ ಹತ್ತು ಗುಬ್ಬಚ್ಚಿಗಳಾಗುವುದಿಲ್ಲ. ಮೊದಲ ಸಲ 3, ನಂತರ 5, ನಂತರ 2 ಕಂಡಿದ್ದರೆ 5 ಎಂದು ಬರೆಯಬೇಕು, 10 ಎಂದಲ್ಲ.

ಖಚಿತವಾಗದ ಹಕ್ಕಿಯನ್ನು ‘ಬೆಳವ, ಜಾತಿ ಖಚಿತವಿಲ್ಲ’ ಎಂದು ಬರೆಯುವುದು ಕುಂದಲ್ಲ. ಊಹಿಸಿ ಹೆಸರು ಬರೆಯುವುದೇ ಕುಂದು. ಒಂದೇ ಹಕ್ಕಿಗೆ ಊರಿಗೊಂದು ಹೆಸರಿದ್ದರೆ ಎಲ್ಲವನ್ನೂ ಬರೆಯಿರಿ. ದನ ಕಾಯುವವರು, ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು, ಹಾಡಿಗಳ ಜೇನುಕುರುಬ ಹಾಗೂ ಬೆಟ್ಟಕುರುಬ ಹಿರಿಯರು ಕೂಗಿನಿಂದಲೇ ಹಕ್ಕಿಯನ್ನು ಬಲ್ಲರು. ಅವರ ಹೆಸರನ್ನು ಅವರ ಒಪ್ಪಿಗೆ ಪಡೆದು ಮಾಹಿತಿದಾರರ ಅಂಕಣದಲ್ಲಿ ನಮೂದಿಸುವುದು ನ್ಯಾಯ.

ಮೊಬೈಲ್‌ನಲ್ಲಿ ಮರ್ಲಿನ್ ಎಂಬ ಉಚಿತ ಅಪ್ಲಿಕೇಶನ್ ಚಿತ್ರ ಮತ್ತು ಕೂಗಿನಿಂದ ಹಕ್ಕಿಯನ್ನು ಸೂಚಿಸುತ್ತದೆ. ಅದು ಸೂಚನೆಯೇ ಹೊರತು ಪ್ರಮಾಣವಲ್ಲ. ಕಣ್ಣಿಂದ ನೋಡಿ ದೃಢಪಡಿಸಿಕೊಂಡ ನಂತರವೇ ದಾಖಲಿಸಬೇಕು. ಪಟ್ಟಿಯನ್ನು ಇ-ಬರ್ಡ್ ಜಾಲತಾಣಕ್ಕೂ ಸೇರಿಸಬಹುದು. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ ಭಾರತವು 2013ರಿಂದ ಪಾಲ್ಗೊಳ್ಳುತ್ತಿದೆ. ನಮ್ಮ ಶಾಲೆಗಳಿಗೂ ಅರಿವು ಕೇಂದ್ರಗಳಿಗೂ ಅದು ಒಳ್ಳೆಯ ಸಂದರ್ಭ.

ಸಾಮಾನ್ಯ ಜನರ ಪಟ್ಟಿಗೆ ಬೆಲೆಯುಂಟೆ ಎಂಬ ಪ್ರಶ್ನೆ ಏಳಬಹುದು. ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಲೀಂ ಅಲಿಯವರು 1939–40ರಲ್ಲಿ ಸಮೀಕ್ಷೆ ಮಾಡಿದಾಗ ಒಬ್ಬ ತಜ್ಞರು ಊರೂರು ಅಲೆಯಬೇಕಾಗಿತ್ತು. ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತ 2023ರ ವರದಿ ಸುಮಾರು 30,000 ಪಕ್ಷಿವೀಕ್ಷಕರು ಬರೆದ ಪಟ್ಟಿಗಳ ಆಧಾರದಿಂದ ಸಿದ್ಧವಾಯಿತು. ಅದು 942 ಜಾತಿಗಳನ್ನು ಪರಿಶೀಲಿಸಿ, 178ಕ್ಕೆ ಸಂರಕ್ಷಣೆಯ ಹೆಚ್ಚಿನ ಆದ್ಯತೆ ಬೇಕೆಂದು ಗುರುತಿಸಿತು. ನಮ್ಮ ರಾಜ್ಯಪಕ್ಷಿಯಾದ ನೀಲಕಂಠವೇ ಇಳಿಮುಖವಾಗಿರುವ ಹಕ್ಕಿಗಳಲ್ಲಿ ಸೇರಿದೆ. ನೀಲಕಂಠ ಈಗಲೂ ನಮ್ಮ ಹೊಲಗಳ ತಂತಿಯ ಮೇಲೆ ಕುಳಿತಿರುತ್ತದೆ. ಅದು ಇಲ್ಲವಾದ ವರ್ಷ ಯಾವುದೆಂದು ಹೇಳಬೇಕಾದರೆ, ಅದು ಇದ್ದ ವರ್ಷಗಳನ್ನು ಈಗಲೇ ಬರೆದಿಡಬೇಕು.

7. ಅಭ್ಯಾಸ

ಕೆಳಗಿನ ವಿವರಣೆಗಳಿಗೆ ಹೆಸರು ಬರೆಯಿರಿ. ಉತ್ತರಗಳನ್ನು ಪಾಠದಲ್ಲಿಯೇ ಹುಡುಕಬೇಕು.

(1) ಪಾರಿವಾಳಕ್ಕಿಂತ ಚಿಕ್ಕದು. ಕತ್ತಿನ ಹಿಂದೆ ಒಂದೇ ಕಪ್ಪು ಗೆರೆ. ಒಣಹೊಲದಲ್ಲಿ ಜೋಡಿಯಾಗಿ ಕಂಡಿತು.
(2) ಗೊರವಂಕದ ಗಾತ್ರ, ಹಣೆಯಲ್ಲಿ ಕುಚ್ಚು, ಕಣ್ಣಿನ ಸುತ್ತ ಹಳದಿಯಿಲ್ಲ.
(3) ಬಾಲ ಎತ್ತಿ ಹಿಡಿದಿತ್ತು, ಹೊಟ್ಟೆ ಕಪ್ಪು, ಬಾಲದಡಿ ಇಟ್ಟಿಗೆಗೆಂಪು.
(4) ಕಾಗೆಯಷ್ಟು ಉದ್ದ. ಕಂದು ಮೈಯಲ್ಲಿ ಬಿಳಿ ಚುಕ್ಕೆ. ಕಾಗೆಗಳು ಅಟ್ಟಿಸಿಕೊಂಡು ಹೋಗುತ್ತಿದ್ದವು.
(5) ನಿಮ್ಮ ಪಂಚಾಯಿತಿಯ ದಾಖಲಾತಿಯ ಹಕ್ಕಿಗಳ ಪುಟವನ್ನು ತೆರೆಯಿರಿ. ಅದರಲ್ಲಿರುವ ಎಷ್ಟು ಹೆಸರುಗಳನ್ನು ಊರಿನವರು ಕಣ್ಣಾರೆ ಕಂಡಿದ್ದಾರೆ? ಊರಿನವರು ದಿನವೂ ಕಾಣುವ ಯಾವ ಹೆಸರು ಅದರಲ್ಲಿ ಇಲ್ಲ?

ಐದನೆಯ ಪ್ರಶ್ನೆಗೆ ಪಾಠದಲ್ಲಿ ಉತ್ತರವಿಲ್ಲ. ಅದನ್ನು ಮುಂದಿನ ಗ್ರಾಮಸಭೆಗೆ ಮುನ್ನ ಸಮಿತಿಯ ಸಭೆಯಲ್ಲಿ ಓದಿ, ತಿದ್ದುಪಡಿಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ, ಹಳೆಯ ಪುಟವನ್ನು ತೆಗೆಯದೆ ಹೊಸ ಪುಟವನ್ನು ದಿನಾಂಕದೊಡನೆ ಸೇರಿಸುವುದು.

ಮುಕ್ತಾಯ

ನನ್ನ ಹಿಂದಿನ ಪಂಚಾಯಿತಿಯ ದಾಖಲಾತಿಯಲ್ಲಿ ಈಗ ಅಂತಹ ಹೊಸ ಪುಟವೊಂದಿದೆ. ಅದರಲ್ಲಿ 41 ಹೆಸರುಗಳಿವೆ, ಮೊದಲನೆಯದು ಗುಬ್ಬಚ್ಚಿ. ಕಡಲ ಹದ್ದಿನ ಹೆಸರಿನ ಮೇಲೆ ಗೆರೆಯೆಳೆದು ಪಕ್ಕದಲ್ಲಿ ‘ತಪ್ಪು ನಮೂದು’ ಎಂದು ಬರೆದು ಸಹಿ ಮಾಡಿದ್ದೇನೆ. ಶಾಲೆಯ ಹಿಂದೆ ಇನ್ನೊಂದು ಗೋಣಿಮರವಿದೆ. ಅದಕ್ಕೆ ಬರುವ ಹಕ್ಕಿಗಳ ಪಟ್ಟಿಯನ್ನು ಮಕ್ಕಳೇ ತಿಂಗಳಿಗೊಮ್ಮೆ ಬರೆಯುತ್ತಿದ್ದಾರೆ. ಆ ಮರದ ಪ್ರಶ್ನೆ ಯಾವ ಸಭೆಗೂ ಬಾರದಿರಲಿ. ಬಂದರೆ ಪುಟ ಸಿದ್ಧವಾಗಿದೆ.

ತಾವೂ ನಾಳೆ ಬೆಳಿಗ್ಗೆ ಒಂದು ಹಿಡಿ ರಾಗಿ, ಒಂದು ತಟ್ಟೆ ನೀರು ಇಟ್ಟು, 15 ನಿಮಿಷ ಕುಳಿತು, ಕಂಡದ್ದನ್ನಷ್ಟೇ ಬರೆಯಬೇಕೆಂದು ಕೋರುತ್ತೇನೆ.